ಮೂವತ್ತೊಂದು ಲೋಟ ಚಹಾದ ಆರೋಪ

ಹೊಸ ಕ್ರೀಡಾಂಗಣದ ಮಾನ್ಯ ಮುಖ್ಯ ಆಡಳಿತಾಧಿಕಾರಿಗಳೇ,

ತಮ್ಮ ಯಂತ್ರದ ಲೆಕ್ಕದ ಪ್ರಕಾರ ನನ್ನ ಹೆಂಡತಿ ಒಂದು ಫುಟ್‌ಬಾಲ್ ಪಂದ್ಯದ ಮಧ್ಯಂತರದಲ್ಲಿ ಮೂವತ್ತೊಂದು ಲೋಟ ಚಹಾ ಕುಡಿದಿದ್ದಾಳೆ. ಇದು ಮನುಷ್ಯಮಾತ್ರರಿಂದ ಆಗುವ ಕೆಲಸವಲ್ಲ ಎಂಬುದು ಯಂತ್ರಕ್ಕೂ ಹೊಳೆದಿದೆ. ಹಾಗಾಗಿ, ಕುಡಿದಿಲ್ಲವಾದರೆ ಮಾರಿರಬೇಕು ಎಂದು ಅದು ತೀರ್ಮಾನಿಸಿದೆ. ಮಾರಿದ್ದಾಳೆಂದ ಮೇಲೆ ಅದು ‘ಪರವಾನಗಿಯಿಲ್ಲದ ಮರುಮಾರಾಟ’. ಮರುಮಾರಾಟ ಎಂದ ಮೇಲೆ ಅವಳ ಪ್ರವೇಶ ಕಾರ್ಡು ಈ ಸೀಸನ್ ಮುಗಿಯುವವರೆಗೆ ಅಮಾನತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವನನ್ನು ನಮ್ಮ ಹಿರಿಯರು ಗೇಲಿ ಮಾಡುತ್ತಿದ್ದರು. ತಾವು ಅವನನ್ನು ಕರೆತಂದು, ಕಂಪ್ಯೂಟರ್ ಕೊಟ್ಟು, ಗೇಟಿನಲ್ಲಿ ಕೂರಿಸಿದ್ದೀರಿ.

ಮನೆಯ ವಿಷಯವನ್ನು ಹೀಗೆ ಊರೆಲ್ಲ ಓದುವ ಹಾಗೆ ಏಕೆ ಬರೆಯುತ್ತಿದ್ದಾನೆ ಈ ಮನುಷ್ಯ, ನೇರವಾಗಿ ಬಂದು ಹೇಳಬಾರದಿತ್ತೇ ಎಂದು ತಮಗೆ ಅನ್ನಿಸಬಹುದು. ಬಂದಿದ್ದೆ ಸ್ವಾಮಿ. ತಮ್ಮ ಸಹಾಯ ಕೇಂದ್ರಕ್ಕೆ ನೆಲದಿಂದ ಸೂರಿನವರೆಗೆ ಗಾಜು ಹಾಕಿಸಿದ್ದೀರಿ. ಚೆಂದದ ಗಾಜು. ಆದರೆ ಅದರಲ್ಲಿ ಒಂದು ಕಿಂಡಿ ಇಲ್ಲ. ನಗದು ಇಲ್ಲದ ಕ್ರೀಡಾಂಗಣದಲ್ಲಿ ಈಚೆಯಿಂದ ಆಚೆಗೆ ಏನನ್ನೂ ಕೊಡುವ ಅಗತ್ಯವೇ ಬೀಳುವುದಿಲ್ಲ ಎಂದು ಕಟ್ಟಿದವರು ತಿಳಿದಿರಬೇಕು. ನಾನು ಅಂದವಾದ ಅಕ್ಷರದಲ್ಲಿ ಎರಡು ಪುಟದ ಮನವಿ ಬರೆದುಕೊಂಡು ಹೋಗಿದ್ದೆ. ಕೊಡುವ ದಾರಿ ಕಾಣದೆ ಗಾಜಿಗೆ ಒತ್ತಿ ಹಿಡಿದೆ. ಒಳಗಿದ್ದ ಹೆಣ್ಣುಮಗಳು, ಪಾಪ, ಬಹಳ ಒಳ್ಳೆಯವರು, ಕುತ್ತಿಗೆ ಚಾಚಿ ಪೂರ್ತಿ ಓದಿದರು. ಮೊದಲ ಪುಟ ಮುಗಿದಾಗ ತಿರುಗಿಸಿ ಎಂದು ಬೆರಳಲ್ಲಿ ಸನ್ನೆಯನ್ನೂ ಮಾಡಿದರು. ಆಮೇಲೆ ಮೈಕಿನಲ್ಲಿ ಹೇಳಿದರು:

“ಮೇಲ್ಮನವಿಯನ್ನ ಆ್ಯಪ್‌ನಲ್ಲೇ ಹಾಕ್ಬೇಕು ಸರ್.”

“ಆ್ಯಪ್ ತೆಗೆಯೋಕೆ ಖಾತೆ ಬೇಕು ಅನ್ನುತ್ತೆ. ಖಾತೆ ಅಮಾನತಾಗಿದೆ.”

“ಹಾಗಾದ್ರೆ ಮೊದಲು ಅಮಾನತು ತೆಗೆಸ್ಕೊಳ್ಳಿ ಸರ್.”

“ಅದಕ್ಕೇ ಅಲ್ವಾ ತಾಯಿ ಮೇಲ್ಮನವಿ?”

ಅವರು “ಹೌದಲ್ವಾ,” ಎಂದರು. ತಮ್ಮ ಸಂಸ್ಥೆಯಿಂದ ನನಗೆ ಈವರೆಗೆ ಸಿಕ್ಕಿರುವ ಏಕೈಕ ಪ್ರಾಮಾಣಿಕ ಉತ್ತರ ಅದು. ಆ ಹೆಣ್ಣುಮಗಳಿಗೆ ಇದರಿಂದ ಯಾವ ತೊಂದರೆಯೂ ಆಗಬಾರದೆಂದು ಈಗಲೇ ವಿನಂತಿಸಿಕೊಳ್ಳುತ್ತೇನೆ. ನನ್ನ ಮಾತು ಆ ಗಾಜು ದಾಟಿ ತಮ್ಮವರೆಗೆ ಬರಬೇಕಾದರೆ ಪತ್ರಿಕೆಯ ದಾರಿಯೊಂದೇ ಉಳಿದದ್ದು.

ನಾನು ಹೊಸತನ್ನು ಕಂಡರೆ ಉರಿದುಬೀಳುವವನಲ್ಲ. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೂ ಕಾರ್ಡ್ ಯಂತ್ರವಿದೆ, ಫೋನ್ ತೋರಿಸಿ ದುಡ್ಡು ಕೊಡುವ ಏರ್ಪಾಡೂ ಇದೆ. ಹಳೆಯ ಕ್ರೀಡಾಂಗಣವನ್ನು ನೆನೆದು ಕಣ್ಣೀರಿಡುವವರ ಗುಂಪಿಗೂ ಸೇರಿದವನಲ್ಲ. ಅಲ್ಲಿನ ಮರದ ಬೆಂಚಿನ ಸೀಳು ನನ್ನ ಎಷ್ಟು ಪ್ಯಾಂಟುಗಳನ್ನು ತಿಂದಿದೆಯೋ ಲೆಕ್ಕವಿಲ್ಲ. ಅಲ್ಲಿನ ಶೌಚಾಲಯಕ್ಕೆ ಹೋಗಿ ಬರುವುದಕ್ಕಿಂತ ಎರಡು ಗೋಲಿನಿಂದ ಸೋಲುವುದೇ ವಾಸಿ ಎನ್ನುತ್ತಿದ್ದೆವು. ತಮ್ಮ ಹೊಸ ಕಟ್ಟಡದಲ್ಲಿ ಸೀಟಿಗೆ ಬೆನ್ನಿದೆ, ತಲೆಯ ಮೇಲೆ ಸೂರಿದೆ, ನಲ್ಲಿಯನ್ನು ತಿರುಗಿಸುವುದೂ ಬೇಡ, ಕೈ ಒಡ್ಡಿದರೆ ಸಾಕು, ನೀರು ಬರುತ್ತದೆ. ಇದಕ್ಕೆಲ್ಲ ಮನಸಾರೆ ಕೃತಜ್ಞತೆಗಳು. ಕೈ ಒಡ್ಡಿದವರಿಗೆ ನೀರು ಕೊಡುವ ಕಟ್ಟಡ, ಕೈ ಒಡ್ಡಿದವರಿಗೆ ಚಹಾ ಕೊಟ್ಟವಳನ್ನು ಹೊರಗೆ ಹಾಕಿತು ಎಂಬುದಷ್ಟೇ ನನ್ನ ತಕರಾರು.

ಮೂವತ್ತೊಂದು ಲೋಟದ ಕಥೆ ಅರ್ಥವಾಗಬೇಕಾದರೆ ಹಳೆಯ ಕ್ರೀಡಾಂಗಣದ ಪೂರ್ವದ ಗ್ಯಾಲರಿಯ ಒಂದು ಪದ್ಧತಿಯನ್ನು ತಾವು ತಿಳಿಯಬೇಕು. ತಾವು ಅಲ್ಲಿ ಎಂದೂ ಕೂತಿರಲಿಕ್ಕಿಲ್ಲ. ಕೂತಿದ್ದರೆ ಈ ಪತ್ರವೇ ಬೇಕಾಗುತ್ತಿರಲಿಲ್ಲ. ಅಲ್ಲಿ ಸೀಟಿಗೆ ನಂಬರ್ ಇರಲಿಲ್ಲ. ಎದ್ದವನ ಜಾಗ ಬಂದು ಕೂತವನದು. ಆದ್ದರಿಂದ ಯಾರೂ ಏಳುತ್ತಿರಲಿಲ್ಲ, ದುಡ್ಡು ಮಾತ್ರ ಓಡಾಡುತ್ತಿತ್ತು. ಚಹಾದವನು ಮೆಟ್ಟಿಲ ಬಳಿ ನಿಲ್ಲುತ್ತಿದ್ದ. ಸಾಲಿನ ನಡುವೆ ಕೂತವನು ಪಕ್ಕದವನ ಅಂಗೈಗೆ ನಾಣ್ಯ ಇಡುತ್ತಿದ್ದ, ಅದು ಕೈಯಿಂದ ಕೈಗೆ ದಾಟಿ ತುದಿಯಲ್ಲಿ ಕೂತವರನ್ನು ತಲುಪುತ್ತಿತ್ತು. ತುದಿಯವರು ಚಹಾ ಕೊಂಡು ಒಳಕ್ಕೆ ಕಳಿಸುತ್ತಿದ್ದರು. ಲೋಟ ಸಾಲಿನ ನಡುವಿಗೆ ಬರುವ ಹೊತ್ತಿಗೆ ಒಂದಿಷ್ಟು ಆರಿರುತ್ತಿತ್ತು, ಒಂದಿಷ್ಟು ಕಡಿಮೆಯಾಗಿರುತ್ತಿತ್ತು. ದಾರಿಯಲ್ಲಿ ಯಾರ ಮೀಸೆ ಒದ್ದೆಯಾಯಿತು ಎಂದು ಯಾರೂ ಕೇಳುತ್ತಿರಲಿಲ್ಲ. ಚಿಲ್ಲರೆಯೂ ಅದೇ ದಾರಿಯಲ್ಲಿ ವಾಪಸು ಬರುತ್ತಿತ್ತು. ಇದೆಲ್ಲ ನಡೆಯುವಾಗ ಒಬ್ಬರ ಕಣ್ಣೂ ಮೈದಾನ ಬಿಟ್ಟು ಕದಲುತ್ತಿರಲಿಲ್ಲ. ಪೆನಾಲ್ಟಿಯ ವಿಷಯಕ್ಕೆ ನಮ್ಮ ಸಾಲಿನಲ್ಲಿ ಕಾಲರ್ ಹಿಡಿದಾಡಿದವರುಂಟು, ಮಾತು ಬಿಟ್ಟವರುಂಟು. ಚಿಲ್ಲರೆಯ ವಿಷಯಕ್ಕೆ ಒಂದು ಜಗಳ ಆದದ್ದನ್ನು ನಾನು ಕಂಡಿಲ್ಲ. ತುದಿಯವರಿಗೆ ಇದರಿಂದ ಸಿಗುತ್ತಿದ್ದದ್ದು ಒಂದೇ: ಅವರ ಚಹಾದ ದುಡ್ಡನ್ನು ಸಾಲು ಕೊಡುತ್ತಿತ್ತು.

ನಮ್ಮ ಸಾಲಿನ ತುದಿ ನನ್ನ ಹೆಂಡತಿಯದು. ಅವಳು ವರ್ಷಗಟ್ಟಲೆ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿಂದ ಕೈದಾಟಿ ಬಂದ ದುಡ್ಡಿಗೆ ಮುಂದಿನ ಬಾಗಿಲಿಂದ ಟಿಕೆಟ್ ಕಳಿಸಿದವಳಿಗೆ ಒಂದು ಸಾಲು ಜನ ಯಾವ ಲೆಕ್ಕ? ಎಲ್ಲರೂ ಅವಳನ್ನು ಕಂಡಕ್ಟರಕ್ಕ ಎಂದೇ ಕರೆಯುವುದು. ನಾನು ಕಂಡಕ್ಟರಕ್ಕನ ಗಂಡ. ಫುಟ್‌ಬಾಲಿನ ಗಂಧಗಾಳಿ ಇಲ್ಲದ ನಾನು ಮದುವೆಯಾಗಿ ಈ ತಂಡಕ್ಕೆ ಅಳಿಯನಾದವನು. ಇವತ್ತಿಗೂ ಸಾಲಿನಲ್ಲಿ ನನ್ನ ಅಭಿಪ್ರಾಯಕ್ಕೆ ಅಳಿಯನಿಗೆ ಕೊಡುವ ಮರ್ಯಾದೆ ಇದೆ, ಬೆಲೆ ಇಲ್ಲ.

ತಮ್ಮ ನಗದುರಹಿತ ನೀತಿ ಪ್ರಕಟವಾದಾಗ ಅಭಿಮಾನಿಗಳ ಸಂಘದಲ್ಲಿ ಚರ್ಚೆಯಾಯಿತು. ನಮ್ಮ ಸಂಘಕ್ಕೆ ಸ್ವಂತ ಜಾಗವಿಲ್ಲ. ಅಧ್ಯಕ್ಷರ ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಪ್ಲಾಸ್ಟಿಕ್ ಹೊದ್ದು ನೇತಾಡುವ ಕೋಟುಗಳ ನಡುವೆ ಸೇರುತ್ತೇವೆ. ಮಾತಾಡುವವರ ಮುಖ ನೋಡಬೇಕಾದರೆ ಯಾರದೋ ಮದುವೆಯ ಸೂಟನ್ನು ಪಕ್ಕಕ್ಕೆ ಸರಿಸಬೇಕು. ತಮ್ಮ ಪರವಾಗಿ ವಾದಿಸಿದವರು ನಮ್ಮ ಸಾಲಿನ ಹಲ್ಲಿನ ಡಾಕ್ಟರು. ಚೆನ್ನಾಗಿಯೇ ವಾದಿಸಿದರು. ಹಳೆಯ ಕ್ರೀಡಾಂಗಣದಲ್ಲಿ ಚಿಲ್ಲರೆಯ ಬದಲು ಚಾಕೊಲೇಟ್ ಕೊಟ್ಟು ಊರಿನ ಹಲ್ಲು ಹಾಳುಮಾಡಿದರು, ಅದರ ಲಾಭ ನನಗೇ ಬಂದರೂ ನಾನು ಅದನ್ನು ಖಂಡಿಸುತ್ತೇನೆ ಎಂದರು. ಜೇಬುಗಳ್ಳರ ಕಾಟ ತಪ್ಪುತ್ತದೆ ಎಂದರು. ಎಲ್ಲಕ್ಕಿಂತ ಮುಖ್ಯವಾಗಿ, ಜೇಬಿನಲ್ಲಿ ನಾಣ್ಯವೇ ಇರದಿದ್ದರೆ ಲೈನ್ಸ್‌ಮನ್ ಮೇಲೆ ಎಸೆಯುವುದಾದರೂ ಏನನ್ನು ಎಂದು ಕೇಳಿದರು. ಆಗ ಎಲ್ಲರೂ ತಿರುಗಿ ಒಬ್ಬರನ್ನೇ ನೋಡಿದೆವು. ಅವರು ಬೀಗ ರಿಪೇರಿ ಮಾಡುವವರು. ಎದುರು ತಂಡದವರು ಉಸಿರಾಡಿದರೂ ಆಫ್‌ಸೈಡ್ ಎಂದು ಕೂಗುವುದರಿಂದ ಅವರ ಹೆಸರೇ ಆಫ್‌ಸೈಡ್ ಎಂದಾಗಿದೆ.

ಆಫ್‌ಸೈಡ್ ಎದ್ದು ನಿಂತು, ನಾಣ್ಯದ ವಿಷಯ ಹಳೆಯದು, ಅದಕ್ಕೆ ದಂಡವೂ ಕಟ್ಟಿಯಾಗಿದೆ ಎಂದು ಹೇಳಿ, ನೀತಿಯನ್ನು ಹಿಡಿದು ಝಾಡಿಸಿದರು. ಬ್ಯಾಂಕ್ ಖಾತೆ ಇಲ್ಲದವರು ಏನು ಮಾಡಬೇಕು? ಫೋನಿನ ಅಕ್ಷರ ಕಾಣದವರು? ಎರಡನೇ ಅರ್ಧದಲ್ಲಿ ಬ್ಯಾಟರಿ ಸತ್ತರೆ ಗಂಟಲು ಒಣಗಿಸಿಕೊಂಡು ಕೂರಬೇಕೇ? ಹಲ್ಲಿನ ಡಾಕ್ಟರು ಇದಕ್ಕೆಲ್ಲ ಉತ್ತರ ಕೊಟ್ಟರು. ಮನೆಯಲ್ಲೇ ಪ್ರವೇಶ ಕಾರ್ಡಿಗೆ ದುಡ್ಡು ತುಂಬಿಕೊಂಡು ಬರಬಹುದು, ಕಾಲಕ್ಕೆ ತಕ್ಕಂತೆ ಬದಲಾಗಬೇಕು, ಪ್ರಪಂಚ ಎಲ್ಲಿಗೋ ಹೋಗಿದೆ. ಎರಡು ಗಂಟೆ ಕೂಗಾಡಿದ ಮೇಲೆ ಕೈ ಎತ್ತಿಸಿ ನೋಡಿದರೆ ಅರ್ಧಕ್ಕರ್ಧ. ಅಧ್ಯಕ್ಷರ ಮತ ಯಾವ ಕಡೆಗೋ, ಆ ಕೋಟುಗಳ ಮಧ್ಯೆ ಕೈ ಕಾಣಿಸಲಿಲ್ಲ. ಕೊನೆಗೆ, ಮೊದಲ ಪಂದ್ಯ ನೋಡಿ ಆಮೇಲೆ ಮಾತಾಡೋಣ ಎಂದು ಎದ್ದೆವು. ನನ್ನ ಹೆಂಡತಿ ಸಭೆಯಲ್ಲಿ ಬಾಯಿ ತೆರೆಯಲಿಲ್ಲ. ಮನೆಗೆ ಬಂದು, ಡಾಕ್ಟರು ಹೇಳಿದ್ದರಲ್ಲೂ ಸತ್ಯ ಇದೆ ಎಂದು ತನ್ನ ಕಾರ್ಡಿಗೆ ಇಡೀ ತಿಂಗಳಿಗಾಗುವಷ್ಟು ದುಡ್ಡು ತುಂಬಿಸಿಕೊಂಡಳು. ಗಮನಿಸಿ: ತಮ್ಮ ನೀತಿಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸಿದವರು ನಮ್ಮ ಸಾಲಿನಲ್ಲಿ ಅವಳೊಬ್ಬಳೇ.

ಮೊದಲ ಪಂದ್ಯದ ದಿನ ಹೊಸ ಕ್ರೀಡಾಂಗಣ ಕಿಕ್ಕಿರಿದಿತ್ತು. ಅಲ್ಲೂ ನಮ್ಮ ಸಾಲಿನವರು ಒಟ್ಟಿಗೇ ಸೀಟು ಹಿಡಿದಿದ್ದೆವು, ತುದಿ ಅವಳದೇ. ಮಧ್ಯಂತರದ ಸೀಟಿ ಊದಿದ್ದೇ ತಡ, ಅಷ್ಟೂ ಜನ ಒಟ್ಟಿಗೇ ಫೋನ್ ತೆಗೆದರು. ಅಷ್ಟೂ ಫೋನುಗಳ ಸಿಗ್ನಲ್ ಒಟ್ಟಿಗೇ ಸತ್ತಿತು. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಮೆಟ್ಟಿಲ ಬಳಿ ತಮ್ಮ ಚಹಾದ ಗಾಡಿ ಹಬೆಯಾಡುತ್ತಾ ನಿಂತಿತ್ತು, ಕೊಳ್ಳಲು ಒಬ್ಬರ ಕೈಲೂ ಆಗುತ್ತಿರಲಿಲ್ಲ. ಆ ಹೊತ್ತಿನಲ್ಲಿ ನಮ್ಮ ಸಾಲಿನ ಒಳಗಿಂದ ಒಂದು ನೋಟು ಹೊರಟಿತು. ಉದ್ದಕ್ಕೆ ಮಡಚಿದ, ಗರಿಗರಿಯಾದ ನೋಟು. ಕೈಯಿಂದ ಕೈಗೆ ದಾಟುತ್ತಾ ಬಂತು. ಯಾರೂ ಅದನ್ನು ತಡೆಯಲಿಲ್ಲ, ಯಾರೂ ಯೋಚಿಸಲೂ ಇಲ್ಲ. ಎಷ್ಟೋ ವರ್ಷದ ಅಭ್ಯಾಸ, ಪಕ್ಕದವರು ಕೊಟ್ಟರು, ನಾವು ಮುಂದಕ್ಕೆ ಕೊಟ್ಟೆವು. ನನ್ನ ಕೈಯನ್ನೂ ದಾಟಿ ಹೋಯಿತು. ಕಳಿಸಿದವರು ಯಾರು ಗೊತ್ತೇ? ನಗದುರಹಿತ ನಾಡಿನ ವಕೀಲರು, ನಮ್ಮ ಹಲ್ಲಿನ ಡಾಕ್ಟರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ನನ್ನ ಹೆಂಡತಿ ನೋಟು ತೆಗೆದುಕೊಂಡಳು, ತನ್ನ ಕಾರ್ಡನ್ನು ತಮ್ಮ ಯಂತ್ರಕ್ಕೆ ತೋರಿಸಿದಳು, ಚಹಾ ತೆಗೆದುಕೊಂಡು ಒಳಕ್ಕೆ ಕಳಿಸಿದಳು. ಕಾರ್ಡಿಗೆ ಸಿಗ್ನಲ್ ಬೇಕಾಗಿರಲಿಲ್ಲ. ಅದನ್ನು ಕಂಡ ಮೇಲೆ ಕೇಳಬೇಕೇ? ಇಡೀ ಸಾಲಿನ ನೋಟು ನಾಣ್ಯಗಳು ಅವಳ ಕಡೆಗೆ ಹರಿದವು. ಅವಳು ನೋಟುಗಳನ್ನು ಉದ್ದಕ್ಕೆ ಮಡಚಿ, ಹಿಂದೆ ಬಸ್ಸಿನಲ್ಲಿ ಮಾಡುತ್ತಿದ್ದ ಹಾಗೇ, ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡಳು. ತಮ್ಮ ಕ್ಯಾಮೆರಾಕ್ಕೆ ಕಂಡದ್ದು ಆ ಚಿತ್ರ. ಎರಡನೇ ಅರ್ಧ ಶುರುವಾಗುವ ಮೊದಲೇ ಸಮವಸ್ತ್ರದ ಒಬ್ಬರು ಬಂದು ಅವಳ ಪಕ್ಕ ಬಗ್ಗಿ ನಿಂತರು. ತನಿಖೆ ನಡೆದದ್ದು ಹೀಗೆ. ನಾನು ಪಕ್ಕದ ಪಕ್ಕದಲ್ಲೇ ಇದ್ದೆ, ಒಂದಕ್ಷರ ಸೇರಿಸಿಲ್ಲ:

“ಅಮ್ಮಾ, ಈ ದುಡ್ಡು ಎಲ್ಲಿಂದ ಬಂತು?”

“ಒಳಗಿಂದ ಬಂತಪ್ಪ. ಚಹಾಕ್ಕೆ ಕೊಟ್ರು.”

“ಲೋಟ ಎಷ್ಟಕ್ಕೆ ಮಾರಿದ್ರಿ?”

“ನಿಮ್ಮೋರು ಎಷ್ಟಕ್ಕೆ ಕೊಟ್ರೋ ಅಷ್ಟಕ್ಕೇ.”

“ಹಾಗಾದ್ರೆ ನಿಮಗೆ ಲಾಭ?”

“ಲಾಭ ಏನು ಬಂತು? ಎಲ್ಲರೂ ಚಹಾ ಕುಡಿದ್ರಲ್ಲ.”

ಮರುದಿನ ಬಂದ ತಮ್ಮ ಸಂದೇಶದಲ್ಲಿ ಈ ಕೊನೆಯ ಉತ್ತರ ‘ಲಾಭದ ವಿವರ ನೀಡಲು ನಿರಾಕರಣೆ’ ಎಂದು ದಾಖಲಾಗಿದೆ.

ಮಾನ್ಯರೇ, ವ್ಯಾಪಾರ ಎಂದರೇನು? ನಾನು ಅಂಗಡಿಯವನು, ನನಗೆ ಸ್ವಲ್ಪ ಗೊತ್ತು. ಹತ್ತಕ್ಕೆ ತಂದದ್ದನ್ನು ಹನ್ನೆರಡಕ್ಕೆ ಕೊಟ್ಟರೆ ವ್ಯಾಪಾರ. ಹತ್ತಕ್ಕೆ ತಂದು ಹತ್ತಕ್ಕೇ ಕೊಟ್ಟರೆ ಅದನ್ನು ನಮ್ಮ ಪೇಟೆಯಲ್ಲಿ ದಡ್ಡತನ ಅನ್ನುತ್ತಾರೆ, ನಮ್ಮ ಸಾಲಿನಲ್ಲಿ ತುದಿಯಲ್ಲಿ ಕೂರುವುದು ಅನ್ನುತ್ತಾರೆ. ಇವೆರಡರಲ್ಲಿ ಯಾವುದಕ್ಕೂ ಪರವಾನಗಿ ಬೇಕೆಂದು ನಾನು ಕೇಳಿಲ್ಲ. ಇನ್ನು, ಮೂವತ್ತೊಂದು ಲೋಟದ ಪೂರ್ತಿ ಹಣ ತಮ್ಮ ಖಜಾನೆಗೇ ಬಂದಿದೆಯಲ್ಲ? ಅವಳು ಕೈ ಹಾಕದಿದ್ದರೆ ಆ ಚಹಾ ತಮ್ಮ ಗಾಡಿಯಲ್ಲೇ ಆರಿ, ಸಂಜೆಗೆ ಮೋರಿ ಸೇರುತ್ತಿತ್ತು. ತಮ್ಮ ಸಿಗ್ನಲ್ ಸತ್ತಾಗ ತಮ್ಮ ವ್ಯವಸ್ಥೆಯನ್ನು ನಡೆಸಿಕೊಟ್ಟವಳು ಅವಳು. ಬೇರೆ ಸಂಸ್ಥೆಯಾಗಿದ್ದರೆ ಹಾರ ಹಾಕದಿದ್ದರೂ ಒಂದು ಧನ್ಯವಾದ ಹೇಳುತ್ತಿತ್ತು.

ನಿಯಮ ಎಲ್ಲರಿಗೂ ಒಂದೇ ಎಂದು ತಾವು ಹೇಳಬಹುದು. ಆ ಮಾತನ್ನು ದಯವಿಟ್ಟು ಪಶ್ಚಿಮದ ಗ್ಯಾಲರಿಯ ಗಾಜಿನ ಕೋಣೆಗಳ ಕಡೆ ತಿರುಗಿ ಹೇಳಿ. ನಮ್ಮ ಸಾಲಿನಿಂದ ಅದು ನೇರಕ್ಕೆ ಕಾಣುತ್ತದೆ. ಅಲ್ಲಿ ಗಣ್ಯರು ಕೂರುತ್ತಾರೆ. ಅಲ್ಲಿ ಒಬ್ಬರು ತಟ್ಟೆಯಲ್ಲಿ ಲೋಟಗಳನ್ನಿಟ್ಟುಕೊಂಡು ಬರುತ್ತಾರೆ, ಒಬ್ಬ ಗಣ್ಯರು ತೆಗೆದು ಪಕ್ಕದ ಗಣ್ಯರಿಗೆ ಕೊಡುತ್ತಾರೆ, ಅವರು ಅವರ ಪಕ್ಕದವರಿಗೆ. ಯಾರೂ ಕಾರ್ಡ್ ತೋರಿಸಿದ್ದನ್ನು ನಾನು ನೋಡಿಲ್ಲ, ಫೋನ್ ತೆಗೆದದ್ದನ್ನು ನೋಡಿಲ್ಲ. ನಗದುರಹಿತ ನೀತಿ ಸಂಪೂರ್ಣವಾಗಿ ಜಾರಿಯಾಗಿರುವುದು ಅಲ್ಲೊಂದೇ ಕಡೆ. ಅಲ್ಲಿ ಕೈಯಿಂದ ಕೈಗೆ ದಾಟಿದ್ದು ಸೌಜನ್ಯ, ಇಲ್ಲಿ ದಾಟಿದ್ದು ಅಪರಾಧ. ಎರಡೂ ಚಹಾಗಳ ಸಕ್ಕರೆಯಲ್ಲಿ ಅಂಥ ವ್ಯತ್ಯಾಸ ಏನಿದೆಯೋ ತಿಳಿಸಿದರೆ ಉಪಕಾರ.

ಇಷ್ಟಾದರೆ ನಾನು ನಕ್ಕು ಸುಮ್ಮನಿರುತ್ತಿದ್ದೆನೋ ಏನೋ. ಹೆಂಡತಿ ಮನೆಯಲ್ಲಿ ಕೂತು ರೇಡಿಯೊ ಕೇಳುತ್ತಿದ್ದಳು, ಮುಂದಿನ ವರ್ಷ ಮತ್ತೆ ಬರುತ್ತಿದ್ದಳು. ಆದರೆ ಅವಳಿಗೆ ತುದಿಯ ಸೀಟು ಚಹಾಕ್ಕಾಗಿ ಅಲ್ಲ. ಅವಳ ಪಕ್ಕದಲ್ಲಿ ಕೂರುವುದು ಅವಳ ಅಪ್ಪ, ನನ್ನ ಮಾವ.

ಮಾವ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದವರು. ಈಗ ಅವರ ಎರಡೂ ಕಣ್ಣಿನ ನಡುಭಾಗ ಹೋಗಿದೆ. ಅಂಚು ಮಾತ್ರ ಉಳಿದಿದೆ. ಎದುರಿಗಿದ್ದವರ ಮುಖ ಕಾಣುವುದಿಲ್ಲ, ಪಕ್ಕದ ಬಾಗಿಲ ಚೌಕಟ್ಟು ಕಾಣುತ್ತದೆ. ಮೈದಾನದಲ್ಲಿ ಮೂಲೆಯ ಬಾವುಟ ಕಾಣುತ್ತದೆ, ಹುಲ್ಲಿನ ಹಸಿರು ಕಾಣುತ್ತದೆ, ಚೆಂಡು ಕಾಣುವುದಿಲ್ಲ. ಊರಿಗೆಲ್ಲ ಕನ್ನಡಕ ಕೊಡುವ ನನ್ನ ಅಂಗಡಿಯಲ್ಲಿ ಅವರಿಗೆ ಆಗುವ ಒಂದು ಗಾಜಿಲ್ಲ. ದೀಪದ ಕೆಳಗೆ ಕತ್ತಲೆ. ಮೊದಮೊದಲು ಅವರು ಅದನ್ನೇ ತಮಾಷೆ ಮಾಡುತ್ತಿದ್ದರು. ಈ ವರ್ಷ ಕಣ್ಣಿನ ಒತ್ತಡ ಏರಿ ಉಳಿದ ಅಂಚೂ ಸವೆಯುತ್ತಿದೆ. ಮುಂದಿನ ಸೀಸನ್ ಹೊತ್ತಿಗೆ ಆ ಹಸಿರೂ ಉಳಿಯುವ ಭರವಸೆ ಇಲ್ಲ ಎಂದು ವೈದ್ಯರು ನಮ್ಮ ಮೂವರನ್ನೂ ಕೂರಿಸಿ ಹೇಳಿದ್ದಾರೆ. ತಾವು ‘ಒಂದು ಸೀಸನ್ ಮಾತ್ರ’ ಎಂದು ಬರೆದಿದ್ದೀರಲ್ಲ, ಅದು ನಮ್ಮ ಮನೆಯಲ್ಲಿ ಕೊನೆಯ ಸೀಸನ್.

ಕಣ್ಣು ಹೋದಾಗಿನಿಂದ ಮಗಳು ಅವರಿಗೆ ಆಟ ಹೇಳುತ್ತಾಳೆ. ಎಡಗಿವಿಯ ಹತ್ತಿರ ಬಾಗಿ, ಪಂದ್ಯ ಶುರುವಾದಾಗಿನಿಂದ ಮುಗಿಯುವವರೆಗೆ, ಬಿಡುವಿಲ್ಲದೆ. ಅವಳು ಹೇಳುವುದು ರೇಡಿಯೊದವರ ಹಾಗಲ್ಲ. ಅಪ್ಪನಿಗೆ ಯಾರ ಮೇಲೆ ಪ್ರೀತಿ, ಯಾರ ಮೇಲೆ ಕೋಪ ಅವಳಿಗೆ ಗೊತ್ತು. ಕೆಟ್ಟ ಪಾಸ್ ಬಂದರೆ ಮೊಣಕೈಯಲ್ಲಿ ತಿವಿಯುತ್ತಾಳೆ, ಒಳ್ಳೆಯದಾದರೆ ಮಂಡಿ ಹಿಡಿಯುತ್ತಾಳೆ. ಅವರು ಒಪ್ಪುವುದಿಲ್ಲ, ವಾದ ಮಾಡುತ್ತಾರೆ. ಕಾಣದ ಆಟದ ಬಗ್ಗೆ ಕಂಡವಳ ಜೊತೆ ಜಗಳ ಆಡುವ ಆ ಮನುಷ್ಯನ ಮುಖವನ್ನು ತಾವು ಒಮ್ಮೆ ನೋಡಬೇಕು. ವಾರದಲ್ಲಿ ಉಳಿದ ದಿನ ಆ ಮುಖ ಹಾಗಿರುವುದಿಲ್ಲ.

ಕಳೆದ ಭಾನುವಾರ ಮೂವರೂ ಹೊರಟೆವು. ಏನೋ, ಯಾರಾದರೂ ಒಳ್ಳೆಯವರು ಗೇಟಿನಲ್ಲಿದ್ದರೆ ಬಿಟ್ಟಾರು ಎಂಬ ಆಸೆ. ಮಾವನ ಕಾರ್ಡಿಗೆ ಹಸಿರು ದೀಪ, ನನ್ನದಕ್ಕೆ ಹಸಿರು, ಅವಳದಕ್ಕೆ ಕೆಂಪು. ಗೇಟಿನವರು ಅಯ್ಯೋ ಎಂದರು, ಬಿಡುವ ಮನಸ್ಸೂ ಅವರಿಗಿತ್ತು, ಆದರೆ ಗೇಟು ಅವರ ಮಾತು ಕೇಳುವ ಗೇಟಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ಕೇಳಿದ್ದೆ. ಇಲ್ಲಿ ಪೂಜಾರಿ ಕೊಟ್ಟರೂ ಬಾಗಿಲು ಕೊಡಲಿಲ್ಲ. ಹಿಂದೆ ಜನ ನೂಕುತ್ತಿದ್ದರು. ಅವಳು ಅಪ್ಪನ ಕೈಯನ್ನು ಕಂಬಿಯ ಮೇಲಿಂದ ನನ್ನ ಕೈಗೆ ಕೊಟ್ಟಳು. ಬಾವುಟದ ಕಡೆಗೆ ಮುಖ ಮಾಡಿ ಕೂರಿಸು, ಆಗ ಕಣ್ಣಂಚಿನಲ್ಲಿ ಹುಲ್ಲಿನ ಹಸಿರು ಅವರಿಗೆ ಕಾಣುತ್ತೆ ಎಂದಳು. ಅಷ್ಟು ಹೇಳಿ ಬಸ್ ನಿಲ್ದಾಣದ ಕಡೆ ನಡೆದುಬಿಟ್ಟಳು, ತಿರುಗಿ ನೋಡಲಿಲ್ಲ.

ಒಳಗೆ ನಾನು ಆಟ ಹೇಳಲು ಪ್ರಯತ್ನಿಸಿದೆ. ಚೆಂಡು ಎಡಗಡೆ ಹೋಯ್ತು, ಬಲಗಡೆ ಬಂತು, ಹಿಂದಕ್ಕೆ ಹೋಯ್ತು ಎಂದೆ. ಮಾವ ಸ್ವಲ್ಪ ಹೊತ್ತು ಕೇಳಿ, ನೀನು ಚೆಂಡಿನ ಬಗ್ಗೆ ಹೇಳ್ತಿದ್ದೀಯೋ ಪಾರ್ಕಿಂಗ್ ಮಾಡಿಸ್ತಿದ್ದೀಯೋ ಎಂದರು. ಹಲ್ಲಿನ ಡಾಕ್ಟರು ತಪ್ಪಿತಸ್ಥ ಭಾವದಿಂದ ಜಾಗ ಬದಲಿಸಿಕೊಂಡು ಬಂದು ಆಟ ಹೇಳತೊಡಗಿದರು. ಅವರದು ಮೇಲಿನ ಸಾಲು ಗಟ್ಟಿಯಾಗಿದೆ, ಕೆಳಗಿನ ಸಾಲಿನಲ್ಲಿ ಸಂದು ಬಿಟ್ಟಿದೆ ಎಂಬ ಧಾಟಿ. ಆಫ್‌ಸೈಡ್ ಸಹಾಯಕ್ಕೆ ಬಂದರು. ಅವರು ಏನು ಹೇಳಿದರೆಂದು ಬೇರೆ ಹೇಳಬೇಕಿಲ್ಲ. ಒಂದು ಹಂತದಲ್ಲಿ ಇಡೀ ಗ್ಯಾಲರಿ ಎದ್ದು ನಿಂತು ‘ಹೋ’ ಎಂದು ಮತ್ತೆ ಕೂತಿತು. ಏನಾಯ್ತು ಎಂದರು ಮಾವ. ಏನೂ ಆಗಲಿಲ್ಲ, ಹೊರಗೆ ಹೋಯ್ತು ಎಂದೆವು ಮೂವರೂ. ಆಮೇಲೆ ಅವರು ಏನೂ ಕೇಳಲಿಲ್ಲ. ನಾವು ಗೆದ್ದೆವು, ಅವರು ಚಪ್ಪಾಳೆಯನ್ನೂ ತಟ್ಟಿದರು.

ಮನೆಗೆ ಬಂದ ಮೇಲೆ ಊಟಕ್ಕೆ ಕೂತಾಗ ಮಗಳು ಆಟ ಹೇಗಿತ್ತು ಎಂದು ಕೇಳಿದಳು. ಮಾವ ತಟ್ಟೆಯ ಅಂಚನ್ನು ಬೆರಳಲ್ಲಿ ಹುಡುಕುತ್ತಾ ಹೇಳಿದರು: “ಇವರೆಲ್ಲ ಆಗಿದ್ದನ್ನ ಹೇಳ್ತಾರಮ್ಮ. ನೀನು ಆಗದೆ ಹೋಗಿದ್ದನ್ನೂ ಹೇಳ್ತಿದ್ದೆ. ಇನ್ಮೇಲೆ ನಾನು ಹೋಗಲ್ಲ ಬಿಡು.”

ಅಮಾನತಿನ ಸಂದೇಶ ಬಂದಾಗ ನಕ್ಕಿದ್ದವಳು, ಗೇಟಿನಲ್ಲಿ ಕೆಂಪು ದೀಪ ಬಂದಾಗ ಮುಖ ಗಂಟು ಹಾಕದವಳು, ಅವತ್ತು ಎದ್ದು ಹೋಗಿ ನಲ್ಲಿ ಬಿಟ್ಟು ನಿಂತಳು. ಪಾತ್ರೆ ಯಾವುದೂ ಕೈಯಲ್ಲಿರಲಿಲ್ಲ. ನನಗೆ ಇಷ್ಟು ಸಿಟ್ಟು ಬಂದದ್ದು ನೆನಪಿಲ್ಲ ಮಾನ್ಯರೇ. ಸಿಟ್ಟಿನ ಜೊತೆಗೆ ಹೆದರಿಕೆಯೂ ಆಗಿದೆ, ಏಕೆಂದರೆ ಕಣ್ಣು ತಮ್ಮ ಮೇಲ್ಮನವಿಯ ವಿಲೇವಾರಿಗೆ ಕಾಯುವುದಿಲ್ಲ.

ಈ ವಾರ ಸಂಘದ ಸಭೆ ಮತ್ತೆ ಸೇರಿತ್ತು. ಹಲ್ಲಿನ ಡಾಕ್ಟರು, ನೋಟು ಕಳಿಸಿದ್ದು ನಾನೇ ಎಂದು ಎಲ್ಲರ ಮುಂದೆ ಹೇಳಿ, ಹಾಗೆಂದು ಸಾಕ್ಷಿ ಬರೆದುಕೊಡುವುದಾಗಿಯೂ ಒಪ್ಪಿದರು. ಆದರೂ ನೀತಿ ಸರಿಯೇ, ಜಾರಿ ಮಾಡಿದ ರೀತಿ ತಪ್ಪು, ಎರಡನ್ನೂ ಬೆರೆಸಬಾರದು ಎಂದರು. ಅದಕ್ಕೆ ಆಫ್‌ಸೈಡ್, ತಮ್ಮ ಜೀವಮಾನದಲ್ಲಿ ಮೊದಲ ಬಾರಿಗೆ ದನಿ ಎತ್ತದೆ ಹೇಳಿದರು: “ಅಕ್ಕನ ಸೀಟು ಹೋಯ್ತು ಡಾಕ್ಟ್ರೇ, ನಿಮ್ಮ ವಾದ ಉಳೀತು.” ಈ ಪತ್ರ ಬರೆಯಬೇಕೆಂದು ಆಮೇಲೆ ನಿರ್ಣಯವಾಯಿತು. ಈ ಸಲ ಕೈ ಎತ್ತುವುದರಲ್ಲಿ ಅರ್ಧಕ್ಕರ್ಧ ಆಗಲಿಲ್ಲ. ಮೊದಲು ಎದ್ದದ್ದು ಡಾಕ್ಟರ ಕೈ.

ನಾನು ತಮ್ಮ ನೀತಿಯನ್ನು ಸುಟ್ಟುಹಾಕಿ ಎಂದು ಕೇಳುತ್ತಿಲ್ಲ. ಫೋನೇ ಇರಲಿ, ಕಾರ್ಡೇ ಇರಲಿ, ಬೇಕಾದರೆ ಹಣೆಯನ್ನೇ ಯಂತ್ರಕ್ಕೆ ತೋರಿಸಿ ಚಹಾ ಕುಡಿಯುವ ಕಾಲವೂ ಬರಲಿ. ನನ್ನ ಬೇಡಿಕೆ ಚಿಕ್ಕದು. ನಮ್ಮ ಊರಿನ ಅಂಗಳದಲ್ಲಿ ನಡೆಯುವ ಮುಂದಿನ ಪಂದ್ಯದ ಮೊದಲು ನನ್ನ ಹೆಂಡತಿಯ ಕಾರ್ಡಿನ ಅಮಾನತು ತೆಗೆಯಿರಿ. ಅವಳ ಹೆಸರಿನ ಮುಂದೆ ಬರೆದಿರುವ ‘ಮರುಮಾರಾಟ’ ಎಂಬ ಪದವನ್ನು ಅಳಿಸಿ. ಇದನ್ನು ಯಂತ್ರದ ಕೈಲಿ ಹೇಳಿಸದೆ, ಓದು ಬರಹ ಬಲ್ಲ ಒಬ್ಬ ಮನುಷ್ಯರ ಕೈಲಿ ಒಂದು ಕಾಗದದ ಮೇಲೆ ಬರೆಸಿ ಕಳಿಸಿ.

ನಿಯಮಾವಳಿಯಲ್ಲಿ ಅದಕ್ಕೆ ಅವಕಾಶವಿಲ್ಲ ಎಂದಾದರೆ, ತಾವೇ ಬನ್ನಿ. ತಮ್ಮ ಕಾರ್ಡಿಗೆ ಯಾವ ಗೇಟಿನಲ್ಲೂ ಕೆಂಪು ದೀಪ ಬರುವುದಿಲ್ಲ. ನನ್ನ ಮಾವನನ್ನು ನಾನು ಹೇಗಾದರೂ ಒಪ್ಪಿಸಿ ಕರೆದುಕೊಂಡು ಬರುತ್ತೇನೆ. ಅವರ ಪಕ್ಕದಲ್ಲಿ ಕೂತು, ಎಡಗಿವಿಯ ಹತ್ತಿರ ಬಾಗಿ, ಮೊದಲಿಂದ ಕೊನೆಯವರೆಗೆ ಆಟ ಹೇಳಿ. ನಡುವೆ ಎಲ್ಲರೂ ಎದ್ದು ನಿಂತು ಮತ್ತೆ ಕೂರುತ್ತಾರೆ. ಆಗ ಅವರು ತಮ್ಮ ಕಡೆ ತಿರುಗಿ ಏನಾಯ್ತು ಎಂದು ಕೇಳುತ್ತಾರೆ. ಏನೂ ಆಗಲಿಲ್ಲ ಎಂದು ಮಾತ್ರ ಹೇಳಬೇಡಿ.

ಇಂತಿ,
ಈ ಪತ್ರ ಅಚ್ಚಾದ ಮೇಲೂ ತನ್ನ ಕಾರ್ಡಿಗೆ ಹಸಿರು ದೀಪ ಬಂದೀತೆಂದು ನಂಬಿಕೊಂಡಿರುವ,
ಕಂಡಕ್ಟರಕ್ಕನ ಗಂಡ